ನಾಲ್ಕಕ್ಕೇ ಏಳಬೇಕೆಂದೇನಿಲ್ಲ

ಕತೆ ಬರೆಯುವವರಿರಲಿ, ಭಜನೆ ಪದ ಕಟ್ಟುವವರಿರಲಿ, ಚಿತ್ರ ಬಿಡಿಸುವವರಿರಲಿ, ಎಲ್ಲರಿಗೂ ಸಿಗುವ ಮೊದಲ ಸಲಹೆ ಒಂದೇ: ಬ್ರಾಹ್ಮೀ ಮುಹೂರ್ತದಲ್ಲಿ ಏಳು. ನಾನೂ ಎದ್ದು ನೋಡಿದೆ. ಹದಿನೈದು ದಿನ ನೋಟ್‌ಬುಕ್ಕಿನ ಮೇಲೆ ತೂಕಡಿಸಿದ್ದೇ ಬಂತು. ಹಡಗಲಿ ಕಡೆ ಮಲ್ಲಿಗೆ ಬಿಡಿಸುವ ಹೆಣ್ಣುಮಕ್ಕಳಿಗೆ ಇದೇ ಮಾತು ಹೇಳಿ ನೋಡಿ, ನಕ್ಕಾರು. ಮೊಗ್ಗು ಅರಳುವ ಮುಂಚೆ ಅವರು ತೋಟದಲ್ಲಿರಬೇಕು.

ಉಜ್ಜಿನಿ ಸುತ್ತಿನ ಮಳೆ ನಂಬಿದ ಹೊಲದವರು ಪಂಚಾಂಗ ಕೇಳಿದರೂ ಕೊನೆಗೆ ಒಂದು ಹಿಡಿ ಮಣ್ಣು ಹಿಸುಕಿ ನೋಡಿಯೇ ಕೂರಿಗೆ ಹೂಡುತ್ತಾರೆ. ಒಂದೇ ಮಳೆಗೆ ಮಸಾರಿ ಹೊಲ ಬೇಗ ಹದಕ್ಕೆ ಬರುತ್ತದೆ, ಎರೆ ಹೊಲ ಕಾಯಿಸುತ್ತದೆ. ನಿಮ್ಮ ಮನಸ್ಸು ಯಾವ ಮಣ್ಣೆಂದು ಮೊದಲು ತಿಳಿಯಬೇಕು.

ಮೊದಲು ಒಂದು ವಾರ ಏನನ್ನೂ ಬದಲಿಸಬೇಡಿ. ಹಳೆ ಕ್ಯಾಲೆಂಡರಿನ ಹಾಳೆ ತಿರುವಿ ಹಿಂಬದಿಯಲ್ಲಿ ದಿನಕ್ಕೆ ನಾಲ್ಕು ಮನೆ ಮಾಡಿ: ಬೆಳಗ್ಗೆ, ಮಧ್ಯಾಹ್ನ, ಬೈಗು, ರಾತ್ರಿ. ತಲೆ ತಿಳಿಯಾಗಿದ್ದ ಹೊತ್ತಿಗೆ ಸೊನ್ನೆ, ಮಂಕಾಗಿದ್ದಕ್ಕೆ ಗೀಟು. ವಾರದ ಕೊನೆಗೆ ಸೊನ್ನೆಗಳು ಎಲ್ಲಿ ಗುಂಪಾಗಿವೆಯೋ ಅದೇ ನಿಮ್ಮ ಹೊತ್ತು. ನಮ್ಮೂರಿನ ಹಾಡುಗಾರರೊಬ್ಬರಿಗೆ ಅದು ಸಿಕ್ಕಿದ್ದು ನಡುರಾತ್ರಿ, ತ್ರೀಫೇಸ್ ಕರೆಂಟಿಗೆ ಕಾಯುತ್ತ ಪಂಪ್‌ಸೆಟ್ ಪಕ್ಕ ಕೂತಾಗ!

ಎರಡನೆಯದು, ಕೆಲಸವನ್ನೇ ಒಡೆಯುವುದು. ಹೊಸದು ಹುಟ್ಟಿಸಲು ತಿಳಿ ಹೊತ್ತು ಬೇಕು. ತಿದ್ದುವುದು, ನಕಲು ತೆಗೆಯುವುದು, ಬಣ್ಣ ಹೊಂದಿಸಿಡುವುದು ಮಂಕು ಹೊತ್ತಿನಲ್ಲೂ ಆಗುತ್ತದೆ. ನೌಕರಿ ಇದೆ, ಪುರುಸೊತ್ತಿಲ್ಲ ಅನ್ನುವವರಿಗೆ ಉದಾಹರಣೆ ಬೇಕಾದರೆ ದೂರ ಹೋಗಬೇಕಿಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿ ಇದ್ದದ್ದು ಪೊಲೀಸ್ ಇಲಾಖೆಯ ನೌಕರಿಯಲ್ಲಿ. 'ಅರಮನೆ'ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೊಟ್ಟೂರಿನ ಕುಂ. ವೀರಭದ್ರಪ್ಪ ಆಂಧ್ರದ ಹಳ್ಳಿಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ಬರೆದವರು.

ಮೂರನೆಯದನ್ನು ಕೌದಿ ಹೊಲಿಯುವವರಿಂದ ಕಲಿತೆ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಒಂದಿಷ್ಟು ಹೊಲಿಯುತ್ತಾರೆ. ಯಾರೋ ಕರೆದರೆ ದಾರ ಕಡಿಯುವುದಿಲ್ಲ, ಸಾಲು ಮುಗಿಯಲೆಂದು ಕಾಯುವುದೂ ಇಲ್ಲ. ಸೂಜಿಯನ್ನು ಅಲ್ಲೇ ಚುಚ್ಚಿ ಎದ್ದುಬಿಡುತ್ತಾರೆ. ಮರುದಿನ ಎಲ್ಲಿಂದ ಶುರು ಎಂಬ ಯೋಚನೆಯೇ ಇಲ್ಲ. ಅಮೆರಿಕದ ಹೆಮಿಂಗ್ವೇ ಕೂಡ ಮುಂದೇನೆಂದು ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸುತ್ತಿದ್ದ. ನೀವೂ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಏಳಿ. ದಿನಕ್ಕೆ ಒಂದು ಪುಟ, ಇಲ್ಲವೇ ಮುಕ್ಕಾಲು ಗಂಟೆ ಸಾಕು. ಹುರುಪಿದೆಯೆಂದು ಮೊದಲ ದಿನವೇ ಮೂರು ತಾಸು ಕೂತವರು ನಾಲ್ಕನೇ ದಿನ ಕೂರುವುದಿಲ್ಲ.

ಮನೆಯವರಿಗೆ ಆ ಹೊತ್ತನ್ನು ಹೇಳಿಡಿ. ಫೋನು ಬೇರೆ ಕೋಣೆಯಲ್ಲಿರಲಿ. ಇಷ್ಟರ ಮೇಲೆ ಹೆಚ್ಚು ಹೇಳುವುದಿಲ್ಲ.

ಇನ್ನು ಸುಗ್ಗಿ, ಬಿತ್ತನೆ, ಜಾತ್ರೆ. ಕೊಟ್ಟೂರಿನಲ್ಲಿ ಗುರುಬಸವೇಶ್ವರನ ತೇರು ಎಳೆಯುವಾಗ, ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವಾಗ ಮನೆ ತುಂಬ ನೆಂಟರು. ಆ ವಾರ ಪುಟದ ಲೆಕ್ಕ ಹಿಡಿದು ಕೂತರೆ ಬರವಣಿಗೆಯೂ ಇಲ್ಲ, ಜಾತ್ರೆಯೂ ಇಲ್ಲ. ರಜೆಯನ್ನು ಮೊದಲೇ ಘೋಷಿಸಿಕೊಳ್ಳಿ, ಜೇಬಿನಲ್ಲೊಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ತೈಲಾಭಿಷೇಕದ ದಿನ ಶಿಖರದ ಕಲ್ಲು ಕಪ್ಪಗೆ ಹೊಳೆಯುವುದು, ಬಳೆ ಅಂಗಡಿಯಲ್ಲಿ ಕೇಳಿದ ಚೌಕಾಸಿ, ಅಷ್ಟೇ ಗೀಚಿಕೊಂಡರೆ ಸಾಕು. ನೆಂಟರು ಬಸ್ಸು ಹತ್ತಿದ ಮರುದಿನ ಪೂರ್ತಿ ಪುಟ ಬೇಡ, ಅರ್ಧ ಪುಟದಿಂದ ಶುರು ಮಾಡಿ.

ಮೂರು ತಿಂಗಳಿಗೊಮ್ಮೆ ಕ್ಯಾಲೆಂಡರಿನ ಹಿಂಬದಿಗೆ ಮತ್ತೆ ಸೊನ್ನೆ, ಗೀಟು ಹಾಕಿ. ನಮ್ಮ ಹಾಡುಗಾರರಿಗೆ ಈಗ ತ್ರೀಫೇಸ್ ಹಗಲಿಗೆ ಬಂದಿದೆ. ಅವರು ಹೊಸ ಹೊತ್ತು ಹುಡುಕುತ್ತಿದ್ದಾರೆ.