ಸ್ವಿಚ್ಚಿಗೆ ಕೈ ಹಾಕುವ ಮುಂಚೆ ದೀಪ ನೋಡಿ

‘ಮಾಮಾ, ನೆಟ್ ಬರ್ತೈತಿ, ಹೋಗ್ತೈತಿ.’ ಪುಣೆಯ ವಾಕಡ್‌ನಲ್ಲಿ ಮನೆ ಮಾಡಿರುವ ತಂಗಿಯ ಮಗನಿಂದ ಆಗಾಗ ಈ ಫೋನು ಬರುತ್ತದೆ. ಯಾವ ದೀಪ ಉರೀತಿದೆ ಅಂತ ಕೇಳಿದರೆ ಒಂದೇ ಉತ್ತರ: ‘ಅದನ್ನ ನೋಡಿಲ್ಲ, ಆಗಲೇ ಆಫ್ ಮಾಡಿ ಆನ್ ಮಾಡೀನಿ.’

ಎಡವುವುದೇ ಇಲ್ಲಿ. ರೂಟರ್ ಆರಿಸಿ ಹಚ್ಚಿದರೆ ಸ್ವಲ್ಪ ಹೊತ್ತು ಎಲ್ಲ ಸರಿಹೋಗಬಹುದು. ಜೊತೆಗೆ ದೋಷದ ಗುರುತೂ ಅಳಿಸಿಹೋಗುತ್ತದೆ. ನೆಟ್ ನಿಂತ ಕೂಡಲೇ ದೀಪಗಳ ಫೋಟೋ ತೆಗೆದುಕೊಳ್ಳಿ. ಸ್ವಿಚ್ಚು ಆಮೇಲೆ.

ಫೈಬರ್ ಸಂಪರ್ಕವಾದರೆ ‘ಪಾನ್’ ದೀಪ ಮಿನುಗದೆ ಹಸಿರಾಗಿರಬೇಕು. ‘ಎಲ್‌ಒಎಸ್’ ಕೆಂಪಾಗಿದ್ದರೆ ಬೆಳಕು ನಿಮ್ಮ ಡಬ್ಬಿಯವರೆಗೆ ಬರುತ್ತಿಲ್ಲ. ಆಗ ಮನೆಯೊಳಗೆ ಮಾಡುವ ಕೆಲಸ ಒಂದೇ: ಡಬ್ಬಿಯ ಹಿಂದಿನ ತೆಳು ಫೈಬರ್ ತಂತಿ ಮೇಜಿನ ಸಂದಿಯಲ್ಲಿ ಮಡಚಿಕೊಂಡಿದೆಯೇ ನೋಡುವುದು. ಅದು ಗಾಜಿನ ಎಳೆ, ಸುತ್ತಬಹುದು, ಮಡಚಬಾರದು. ಕಿತ್ತು ತುದಿಯನ್ನು ಕಣ್ಣಿಗೆ ಹಿಡಿಯುವ ಕುತೂಹಲ ಖಂಡಿತ ಬೇಡ. ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ. ತಂತಿ ಸರಿಯಿದ್ದರೆ ಕಂಪನಿಗೆ ಫೋನ್ ಮಾಡಿ. ಕಂಬದಿಂದ ಮರಕ್ಕೆ, ಮರದಿಂದ ಟೆರೇಸಿಗೆ ಹಾರಿಬರುವ ಈ ಊರಿನ ಕೇಬಲ್‌ಗಳಿಗೆ ಒಂದು ಟೊಂಗೆ ಮುರಿದು ಬಿದ್ದರೂ ಸಾಕು.

ಇನ್ನೊಂದು ಸ್ಥಳೀಯ ಮಾತು. ಪುಣೆಯಲ್ಲಿ ವಿದ್ಯುತ್ ದುರಸ್ತಿಗೆ ಸಾಮಾನ್ಯವಾಗಿ ಗುರುವಾರವೇ ಕರೆಂಟ್ ತೆಗೆಯುತ್ತಾರೆ. ನಿಮ್ಮ ಮನೆಗೆ ಇನ್ವರ್ಟರ್ ಇರಬಹುದು, ಆದರೆ ಸೊಸೈಟಿಯ ಟೆರೇಸಿನಲ್ಲೋ ಡಕ್ಟಿನಲ್ಲೋ ಕೂತಿರುವ ಕೇಬಲ್‌ನವನ ಸ್ವಿಚ್ ಡಬ್ಬಿಗೆ ಬ್ಯಾಟರಿ ಇದೆಯೇ? ಗುರುವಾರ ಬೆಳಿಗ್ಗೆಯೇ ನೆಟ್ ಹೋಗುತ್ತಿದ್ದರೆ ಮೊದಲು ಇದನ್ನು ವಿಚಾರಿಸಿ.

ದೀಪಗಳೆಲ್ಲ ಸರಿಯಿದ್ದರೆ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೂಟರಿಗೆ ಜೋಡಿಸಿ. ವೈಫೈ ಆಫ್ ಮಾಡಿ. ಕಮಾಂಡ್ ಕಿಟಕಿಯಲ್ಲಿ ಪಿಂಗ್ ಎಂದು ಟೈಪಿಸಿ, ಮೊದಲು ರೂಟರಿನ ವಿಳಾಸ (ಸಾಮಾನ್ಯವಾಗಿ 192.168.1.1, ಡಬ್ಬಿಯ ತಳದ ಚೀಟಿಯಲ್ಲಿರುತ್ತದೆ), ಆಮೇಲೆ ಹೊರಗಿನ ಇಂಟರ್ನೆಟ್ ವಿಳಾಸವಾದ 8.8.8.8 ಕೊಡಿ. ಮೊದಲನೆಯದು ಉತ್ತರಿಸಿ ಎರಡನೆಯದು ತಪ್ಪುತ್ತಿದ್ದರೆ ದೋಷ ಹೆಚ್ಚಾಗಿ ಹೊರಗಿನದು. ಎರಡೂ ಸರಿಯಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 8.8.8.8 ಅಥವಾ 1.1.1.1 ಬರೆದು ನೋಡಿ. ಕೇಬಲ್‌ನಲ್ಲಿ ಎಲ್ಲ ಸರಿ, ವೈಫೈಯಲ್ಲಿ ಮಾತ್ರ ತೊಂದರೆಯೆಂದರೆ ದೋಷ ಮನೆಯ ಗಾಳಿಯಲ್ಲಿದೆ. 200 ಎಂಬಿಪಿಎಸ್‌ಗೆ ಹಣ ಕಟ್ಟಿಯೂ ವೇಗ 94ರ ಆಸುಪಾಸಿನಲ್ಲೇ ನಿಂತಿದೆಯೇ? ಕೇಬಲ್ಲಿನ ನಾಲ್ಕು ಜೋಡಿ ತಂತಿಗಳಲ್ಲಿ ಒಂದು ಕಡಿದಿರಬಹುದು, ಇಲ್ಲವೇ ರೂಟರಿನ ಪೋರ್ಟ್ 100ರದ್ದೇ ಇರಬಹುದು.

ಈಗ ನಾನು ಹೇಳಲೇಬೇಕಾದದ್ದು: ಎರಡನೇ ರೂಟರ್. ಬೆಡ್‌ರೂಮಿಗೆ ಸಿಗ್ನಲ್ ಸಾಲದೆಂದು ಹಳೆ ಕಂಪನಿಯ ರೂಟರನ್ನು ಅಟ್ಟದಿಂದ ಇಳಿಸಿ, ಸಿಕ್ಕ ತೂತಿಗೆ ಕೇಬಲ್ ಚುಚ್ಚುವವರು ಮನೆಗೊಬ್ಬರಿದ್ದಾರೆ. ನಾನೂ ಚುಚ್ಚಿದವನೇ; ಹದಿನೈದು ದಿನ ಕಂಪನಿಯವರಿಗೆ ಬೈದು, ಕೊನೆಗೆ ತಪ್ಪು ನನ್ನದೇ ಎಂದು ಗೊತ್ತಾಯಿತು. ಮನೆಯ ಪ್ರತಿ ಫೋನಿಗೂ ಟಿವಿಗೂ ಒಂದೊಂದು ವಿಳಾಸ ಹಂಚುವುದು ರೂಟರಿನ ಕೆಲಸ, ಅದಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಎರಡು ರೂಟರ್‌ಗಳೂ ಹಂಚತೊಡಗಿದರೆ? ಮದುವೆ ಪಂಕ್ತಿಯಲ್ಲಿ ಇಬ್ಬರು ಜಾಗ ತೋರಿಸಲು ನಿಂತು, ಒಂದೇ ಎಲೆಯ ಮುಂದೆ ಇಬ್ಬರನ್ನು ಕೂರಿಸಿದ ಹಾಗೆ. ಸಾಲದ್ದಕ್ಕೆ ಹಳೆ ರೂಟರಿನಿಂದ ವಿಳಾಸ ಪಡೆದ ಫೋನು ಹೊರದಾರಿಯೇ ಇಲ್ಲದ ಬಾಗಿಲು ಬಡಿಯುತ್ತಿರುತ್ತದೆ. ವೈಫೈ ಗುರುತು ತುಂಬಿರುತ್ತದೆ, ನೆಟ್ ಇರುವುದಿಲ್ಲ. ಆಫ್ ಮಾಡಿ ಆನ್ ಮಾಡಿದಾಗ ಸರಿಹೋಗುವುದೂ ಇದಕ್ಕೇ: ಆ ಸಲ ಸರಿಯಾದ ರೂಟರ್ ಮೊದಲು ಉತ್ತರ ಕೊಟ್ಟಿರುತ್ತದೆ, ಅಷ್ಟೆ.

ಮಾಡಬೇಕಾದದ್ದು ಇಷ್ಟು. ಹಳೆ ರೂಟರನ್ನು ಹೊಸದರಿಂದ ಪೂರ್ತಿ ಬಿಡಿಸಿ, ಅದೊಂದಕ್ಕೇ ಲ್ಯಾಪ್‌ಟಾಪ್ ಜೋಡಿಸಿ. ಅದರ ಸೆಟ್ಟಿಂಗ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಮೊದಲು ಅದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ. ಹೊಸ ವಿಳಾಸದಿಂದ ಮತ್ತೆ ಒಳಹೊಕ್ಕು, ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ. ಕ್ರಮ ತಿರುಗಿಸಿದರೆ ಲ್ಯಾಪ್‌ಟಾಪಿಗೆ ವಿಳಾಸ ಸಿಗದೆ, ರೂಟರಿನ ಪುಟಕ್ಕೇ ಹೋಗಲಾಗದೆ ರೀಸೆಟ್ ಗುಂಡಿಗೆ ಪಿನ್ನು ಹುಡುಕಬೇಕಾಗುತ್ತದೆ. ಮುಖ್ಯ ರೂಟರಿನ ಹಂಚಿಕೆ 192.168.1.10ರಿಂದ ಶುರುವಾಗುವಂತೆಯೂ ಬದಲಿಸಿಡಿ. ಕೊನೆಗೆ ಹೊಸದರ ಲ್ಯಾನ್ ಪೋರ್ಟಿನಿಂದ ಹಳೆಯದರ ಲ್ಯಾನ್ ಪೋರ್ಟಿಗೆ ಕೇಬಲ್. ಬೇರೆ ಬಣ್ಣದ ವ್ಯಾನ್ ಪೋರ್ಟಿಗಲ್ಲ.

ಇನ್ನು ಗಾಳಿಯ ವಿಷಯ, ಅಂದರೆ ವೈಫೈ ಸಿಗ್ನಲ್. ಹಿಂಜವಡಿ, ವಾಕಡ್ ಕಡೆಯ ಹೊಸ ಟವರುಗಳಲ್ಲಿ ‘ಮೈವಾನ್’ ಅಚ್ಚಿನಲ್ಲಿ ಎರಕ ಹೊಯ್ದ ಕಟ್ಟಡಗಳು ಸಾಕಷ್ಟಿವೆ. ಅವುಗಳ ಗೋಡೆಗಳೂ ಸರಳು ತುಂಬಿದ ಕಾಂಕ್ರೀಟಿನವೇ. 5 ಗಿಗಾಹರ್ಟ್ಸ್ ವೈಫೈ ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು. ಸದಾಶಿವ ಪೇಟೆಯ ಹಳೆ ವಾಡೆಗಳ ದಪ್ಪ ಗೋಡೆಗಳದೂ ಬೇರೆ ಕಥೆಯಲ್ಲ. ಬಿಲ್ಡರ್ ಕೊಟ್ಟ ತಗಡಿನ ಪೆಟ್ಟಿಗೆಯೊಳಗೆ ರೂಟರ್ ಇಟ್ಟು ಬಾಗಿಲು ಹಾಕುವವರಿಗೆ ನಾನು ಏನೂ ಹೇಳಲಾರೆ. ಹಾಲ್ ಮಧ್ಯದಲ್ಲಿ, ಎದೆಯೆತ್ತರಕ್ಕಿಡಿ. 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಚಾನೆಲ್ 1, 6, 11ರ ಪೈಕಿ ಅಕ್ಕಪಕ್ಕದವರು ಕಡಿಮೆ ಬಳಸುವುದನ್ನು ಆರಿಸಿ. ಮೈಕ್ರೋವೇವ್ ಒಲೆಯೂ ಅದೇ ತರಂಗದ ನೆರೆಯದು.

ದೂರು ಕೊಡುವಾಗ ದೀಪದ ಫೋಟೋ, ಪಿಂಗ್ ಫಲಿತಾಂಶ, ನೆಟ್ ಹೋದ ಸಮಯ ಮೂರನ್ನೂ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಪರಿಹಾರ ಸಿಗದಿದ್ದರೆ ಆ ಸಂಖ್ಯೆಯೊಂದಿಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಟ್ರಾಯ್ ನಿಯಮದಂತೆ ಮೇಲ್ಮನವಿಗೆ ಶುಲ್ಕವಿಲ್ಲ, 39 ದಿನಗಳೊಳಗೆ ಅವರು ತೀರ್ಮಾನಿಸಬೇಕು.