ಕಾದ ಎಂಜಿನ್ ಮರಳಿ ಏಳದಿರಲು ಕಾರಣವೇನು?

ಬೆಳಿಗ್ಗೆ ಗುರುಗುಂಟಾದಲ್ಲಿ ಒಂದೇ ಸಲಕ್ಕೆ ಚಾಲೂ ಆದ ಕಾರು ಲಿಂಗಸುಗೂರನ್ನು ಸುಖವಾಗಿ ಮುಟ್ಟುತ್ತದೆ. ಅಲ್ಲಿ ಕಾಲು ಗಂಟೆ ನಿಲ್ಲಿಸಿ ಮರಳಿ ಕೀಲಿ ತಿರುಗಿಸಿದರೆ ಎಂಜಿನ್ ಏಳುವುದಿಲ್ಲ. ಒಂದು ಗಂಟೆ ಕಳೆದ ಬಳಿಕ ಏನೂ ಆಗದಿದ್ದಂತೆ ತಾನಾಗಿಯೇ ಏಳುತ್ತದೆ. ಬೇಸಿಗೆಯ ತಾಪ 40 ಡಿಗ್ರಿಯನ್ನು ಮೀರುವ ನಮ್ಮ ರಾಯಚೂರು ಜಿಲ್ಲೆಯಲ್ಲಿ ಇದು ಅಪೂರ್ವ ಸಂಗತಿಯೇನಲ್ಲ. ಬಾಡಿಗೆ ಕಾರನ್ನೇ ನಂಬಿದ ಸಂಸಾರಕ್ಕೆ ಒಂದು ದಿನದ ದುಡಿಮೆಯೂ, ಅದರಲ್ಲಿ ರೋಗಿಯಿದ್ದರೆ ಒಂದು ಜೀವವೂ ಇದರಿಂದ ಕಷ್ಟಕ್ಕೆ ಸಿಲುಕಬಹುದು. ಆದುದರಿಂದ ಇದರ ಕಾರಣವನ್ನು ಶಾಸ್ತ್ರಕ್ರಮದಲ್ಲಿ ವಿಚಾರಿಸುವುದು ಉಚಿತ.

ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳುಂಟು. ಒಂದಿದ್ದಾಗ ಇನ್ನೊಂದು ಇರುವುದು ಅನ್ವಯ. ಅದಿಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಇಲ್ಲಿ ಕಾವು ಇದ್ದಾಗ ದೋಷವಿದೆ, ಕಾವು ಇಳಿದಾಗ ದೋಷವಿಲ್ಲ. ಹಾಗೆಂದು ಕಾವೇ ಮುಖ್ಯ ಕಾರಣವೆನ್ನಲಾಗದು. ಅದೇ ಬಿಸಿಲಿನಲ್ಲಿ ಬೇರೆ ನೂರು ಕಾರುಗಳು ಏಳುತ್ತವೆ. ಕಾವು ಸಹಕಾರಿ ಕಾರಣ ಮಾತ್ರ. ಅದನ್ನು ತಾಳಲಾರದ ದುರ್ಬಲ ಅಂಗ ಯಾವುದೆಂಬುದೇ ಪ್ರಶ್ನೆ.

ಎಂಜಿನ್ ನಿಲ್ಲಿಸಿದ ಕೂಡಲೇ ಎಲ್ಲವೂ ತಣ್ಣಗಾಗತೊಡಗುತ್ತದೆಂಬ ಭಾವನೆ ಸರಿಯಲ್ಲ. ಓಡುವಾಗ ಎದುರುಗಾಳಿಯೂ ರೇಡಿಯೇಟರಿನ ನೀರೂ ಕಾವನ್ನು ಹೊರಸಾಗಿಸುತ್ತಿರುತ್ತವೆ. ನಿಂತೊಡನೆ ಅವೆರಡೂ ನಿಲ್ಲುತ್ತವೆ. ಕಾದ ಲೋಹದ ಶಾಖವು ಸುತ್ತಲಿನ ಅಂಗಗಳಿಗೆ ಹರಿದು, ಬಾನೆಟ್ಟಿನ ಕೆಳಗಿನ ತಾಪ ಕೆಲಕಾಲ ಏರುತ್ತದೆ. ಕಾಲು ಗಂಟೆಯ ನಿಲುಗಡೆಯೇ ತೊಂದರೆ ಕೊಡುವುದರ ರಹಸ್ಯವಿದು.

ಪರೀಕ್ಷೆಯ ಮೊದಲ ಪ್ರಶ್ನೆ: ಕೀಲಿ ತಿರುಗಿಸಿದಾಗ ಎಂಜಿನ್ ಸುತ್ತುವುದೋ ಇಲ್ಲವೋ? ಸುತ್ತದೆ ಬರಿಯ ‘ಕಟ್’ ಎಂಬ ಸದ್ದಾದರೆ, ಅಥವಾ ಬಹಳ ನಿಧಾನವಾಗಿ ಸುತ್ತಿದರೆ, ಪೆಟ್ರೋಲನ್ನು ದೂರುವುದು ವ್ಯರ್ಥ. ತಾಮ್ರದ ತಂತಿ 50 ಡಿಗ್ರಿ ಹೆಚ್ಚು ಕಾದರೆ ಅದರ ವಿದ್ಯುತ್ ರೋಧ ಸುಮಾರು 20 ಪ್ರತಿಶತ ಏರುತ್ತದೆ. ಸವೆದ ಸ್ಟಾರ್ಟರ್ ಮೋಟರಿಗೆ, ಕಿಲುಬು ಹಿಡಿದ ಬ್ಯಾಟರಿ ತುದಿಗೆ, ಸಡಿಲವಾದ ಅರ್ಥ್ ತಂತಿಗೆ ಅಷ್ಟೇ ಸಾಕು. ಮೊದಲು ತುದಿಗಳನ್ನು ಉಜ್ಜಿ ಬಿಗಿಮಾಡಬೇಕು; ಮೋಟರನ್ನು ಬಿಚ್ಚುವುದು ಅನಂತರ.

ಚುರುಕಾಗಿ ಸುತ್ತಿಯೂ ಏಳದಿದ್ದರೆ ಎರಡನೆಯ ಪ್ರಶ್ನೆ: ಇಲ್ಲದಿರುವುದು ಕಿಡಿಯೋ, ಇಂಧನವೋ? ಕಾರ್ಬ್ಯುರೇಟರಿನ ಹಳೆಯ ಕಾರುಗಳಲ್ಲಿ ಇಂಧನದ ತೊಂದರೆ ಎರಡು ಬಗೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ನಳಿಗೆಯಲ್ಲಿ ಆವಿ ತುಂಬಿದರೆ ಪಂಪು ದ್ರವವನ್ನು ಎಳೆಯಲಾರದು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನ ಚಾಲಕರು ಪೆಟ್ರೋಲ್ ಪಂಪಿಗೆ ಒದ್ದೆಬಟ್ಟೆ ಸುತ್ತುತ್ತಿದ್ದುದು ಇದಕ್ಕಾಗಿಯೇ. ಇದಕ್ಕೆ ವಿರುದ್ಧವಾಗಿ, ಕಾರ್ಬ್ಯುರೇಟರಿನೊಳಗೆ ಕುದಿದ ಪೆಟ್ರೋಲ್ ಎಂಜಿನ್ನಿಗೆ ಇಳಿದು ಅತಿಯಾಗುವುದೂ ಉಂಟು. ಆಗ ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಎಕ್ಸಲರೇಟರನ್ನು ಪೂರ್ತಿ ಒತ್ತಿ ಹಿಡಿದು ಚಾಲೂ ಮಾಡಿದರೆ ಗಾಳಿ ಒಳನುಗ್ಗಿ ಎಂಜಿನ್ ಏಳುತ್ತದೆ.

ಇಂದಿನ ಪೆಟ್ರೋಲ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು ಇಂಧನವನ್ನು ಒತ್ತಡದಿಂದ ತಳ್ಳುವುದರಿಂದ ಆವಿಯ ತಡೆ ವಿರಳ. ಇವುಗಳಲ್ಲಿ ಮೊದಲು ಶಂಕಿಸತಕ್ಕದ್ದು ಕ್ರ್ಯಾಂಕ್ ಶಾಫ್ಟಿನ ಸುತ್ತನ್ನು ಗುರುತಿಸುವ ಸೆನ್ಸರನ್ನು. ಅದರೊಳಗಿನ ಕೂದಲೆಳೆಯಂತಹ ತಂತಿಯ ಬಿರುಕು ಕಾದಾಗ ಅಗಲಿ, ಆರಿದಾಗ ಕೂಡುತ್ತದೆ. ಅದು ಮೌನವಾದರೆ ಗಣಕವು ಕಿಡಿಯನ್ನೂ ಇಂಧನವನ್ನೂ ಒಟ್ಟಿಗೇ ನಿಲ್ಲಿಸುತ್ತದೆ. ಎಂಜಿನ್ ಸುತ್ತುವಾಗಲೂ ಆರ್‌ಪಿಎಂ ಮುಳ್ಳು ಸೊನ್ನೆಯಲ್ಲೇ ನಿಂತರೆ ಈ ಶಂಕೆ ಬಲವಾಗುತ್ತದೆ. ಹಳೆಯ ಕಾರುಗಳಲ್ಲಿ ಇಗ್ನಿಷನ್ ಕಾಯಿಲ್, ಕಂಡೆನ್ಸರ್‌ಗಳೂ ಹೀಗೆಯೇ ಕೈಕೊಡುತ್ತವೆ.

ಈಗ ಮುಖ್ಯವಾದ ಎಚ್ಚರಿಕೆ. ಕಾಗೆ ಕೂಡುವುದಕ್ಕೂ ಹಣ್ಣು ಬೀಳುವುದಕ್ಕೂ ಸರಿಹೋದರೆ ಅದನ್ನು ಕಾಕತಾಳೀಯ ನ್ಯಾಯವೆನ್ನುತ್ತಾರೆ. ಈ ರೋಗವು ಕಾಲ ಕಳೆದಂತೆ ತಾನೇ ವಾಸಿಯಾಗುವುದರಿಂದ, ಆ ಹೊತ್ತಿಗೆ ಯಾರು ಏನನ್ನು ಬದಲಿಸಿದ್ದರೂ ‘ಅದರಿಂದಲೇ ಸರಿಹೋಯಿತು’ ಎಂಬ ಭ್ರಮೆ ಹುಟ್ಟುತ್ತದೆ. ಒಬ್ಬರು ಪ್ಲಗ್ಗು ಬದಲಿಸುತ್ತಾರೆ, ಮತ್ತೊಬ್ಬರು ಪಂಪು, ಮಗುದೊಬ್ಬರು ಬ್ಯಾಟರಿ. ಬಡವನ ಹಣ ಕರಗುತ್ತದೆ. ದೋಷ ಅಲ್ಲೇ ಉಳಿಯುತ್ತದೆ. ಆದುದರಿಂದ ಪರೀಕ್ಷೆಯು ರೋಗ ಪ್ರಕಟವಾಗಿರುವಾಗಲೇ, ಕಾದ ಸ್ಥಿತಿಯಲ್ಲೇ ನಡೆಯಬೇಕು. ಶಂಕಿತ ಅಂಗವೊಂದನ್ನೇ ಒದ್ದೆಬಟ್ಟೆಯಿಂದ ತಂಪುಮಾಡಿ, ಉಳಿದವು ಬಿಸಿಯಿರುವಾಗಲೇ ಎಂಜಿನ್ ಏಳುವುದೋ ಎಂದು ನೋಡಬೇಕು. ಎದ್ದರೆ ವ್ಯತಿರೇಕ ಸಿದ್ಧಿಸಿದಂತೆ. ದುರಸ್ತಿಯ ನಂತರವೂ ಅಷ್ಟೇ ದೂರ ಓಡಿಸಿ, ಅಷ್ಟೇ ಹೊತ್ತು ನಿಲ್ಲಿಸಿ, ಮತ್ತೆ ಚಾಲೂ ಮಾಡಿ ನೋಡದೆ ಹಣ ತೆರಬಾರದು.

ಪರೀಕ್ಷಿಸುವವರು ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಲಾಗದು. ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಪೆಟ್ರೋಲಿನ ವಾಸನೆಯಿರುವೆಡೆ ಬೀಡಿ ಹೊತ್ತಿಸಲಾಗದು. ತಂತಿ ತಾಗಿಸಿ ಕಿಡಿ ನೋಡಲೂ ಆಗದು. ಕೆಂಪಗೆ ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಲೋಹ ಸೀಳುವ ಭಯವುಂಟು. ಹಾಗೂ ಎಷ್ಟು ದೂರ ಓಡಿತ್ತು, ಎಷ್ಟು ಹೊತ್ತು ನಿಂತಿತ್ತು, ಎಂತಹ ಸದ್ದಾಯಿತು, ವಾಸನೆಯಿತ್ತೇ ಎಂಬ ನಾಲ್ಕು ಸಂಗತಿಗಳನ್ನು ಕಾಗದದಲ್ಲಿ ಬರೆದುಕೊಂಡು ಗ್ಯಾರೇಜಿಗೆ ಹೋಗುವುದು ವಿಹಿತ. ಮೆಕ್ಯಾನಿಕ್‌ನ ಅರ್ಧ ಕೆಲಸ ಅಲ್ಲಿಗೇ ಮುಗಿದಿರುತ್ತದೆ.