‘ನಮ್ಮ ಹುಡುಗ’ ಮತ್ತು ನಮ್ಮ ಶೀಲ





ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಅಧ್ಯಯನ ಬಳಗದ ತರುಣರೊಬ್ಬರು ಒಂದು ಪ್ರಶ್ನೆ ಕೇಳಿದರು. “ಸರ್, ನಾವು ದೇವರನ್ನು ಬಿಟ್ಟೆವು. ಸ್ವರ್ಗ ನರಕ ಬಿಟ್ಟೆವು. ಹಾಗಿದ್ದ ಮೇಲೆ ಯಾರೂ ನೋಡದಿರುವಾಗ ನಾವು ಯಾಕೆ ಸರಿಯಾಗಿ ನಡೆದುಕೊಳ್ಳಬೇಕು?” ಅಂದು ಹೊತ್ತಾಗಿತ್ತು, ಉತ್ತರ ಕೊಡಲಾಗಲಿಲ್ಲ. ಇಂದಿನ ಚಿಂತನೆ ಆ ಪ್ರಶ್ನೆಯ ಕುರಿತು.

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಳ್ಳುತ್ತಾರೆ. ಅವರ ಮಾತಿನ ಸಾರ ಇಷ್ಟು. ಬೇರೆ ಧರ್ಮಗಳಲ್ಲಿ ದೇವರು, ಆತ್ಮ, ಪೂಜೆ, ಪ್ರಾರ್ಥನೆ ಇವೇ ಮುಖ್ಯ. ನೀತಿ ಎಂಬುದು ಹಿಂದೆ ಕಟ್ಟಿಕೊಂಡ ಬಂಡಿಯ ಹಾಗೆ. ಬೇಕಾದಾಗ ಕಟ್ಟಬಹುದು, ಬೇಡವಾದಾಗ ಬಿಚ್ಚಬಹುದು. ಧಮ್ಮದಲ್ಲಿ ಹಾಗಿಲ್ಲ. ಅಲ್ಲಿ ದೇವರು ಇರುವ ಜಾಗದಲ್ಲಿ ಇಲ್ಲಿ ನೀತಿ ಇದೆ. ನೀತಿಯನ್ನು ತೆಗೆದುಬಿಟ್ಟರೆ ಧಮ್ಮವೇ ಉಳಿಯುವುದಿಲ್ಲ. ಮನುಷ್ಯನು ಮನುಷ್ಯನನ್ನು ಪ್ರೀತಿಸಬೇಕಾದ ಅಗತ್ಯವೇ ಆ ನೀತಿಯ ಬೇರು. ಅದಕ್ಕೆ ಮೇಲಿನವರ ಅಪ್ಪಣೆ ಬೇಕಿಲ್ಲ.

ಇಲ್ಲಿಯವರೆಗೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಬಾಬಾಸಾಹೇಬರು ಇಲ್ಲಿಗೇ ನಿಲ್ಲಿಸುವುದಿಲ್ಲ. ಬರಿಯ ನೀತಿ ಸಾಲದು ಎನ್ನುತ್ತಾರೆ. ಏಕೆಂದರೆ ಕಳ್ಳರಲ್ಲೂ ಒಂದು ನೀತಿಯಿದೆ, ವ್ಯಾಪಾರಿಗಳಲ್ಲೂ ಇದೆ, ಒಂದೇ ಜಾತಿಯವರ ನಡುವೆಯೂ ಇದೆ. ಅವರು ತಮ್ಮತಮ್ಮೊಳಗೆ ಮೋಸ ಮಾಡುವುದಿಲ್ಲ, ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ. ಆದರೆ ಆ ನೀತಿ ಗುಂಪಿನ ಬೇಲಿಯೊಳಗೆ ಮಾತ್ರ. ಬೇಲಿಯಾಚೆ ಇರುವವನಿಗೆ ಅದೇ ಅನ್ಯಾಯ. ಆದ್ದರಿಂದ ನೀತಿ ಎಲ್ಲರಿಗೂ ಒಂದೇ ಆಗಿರಬೇಕು, ಯಾರೂ ಮುರಿಯಬಾರದಷ್ಟು ಪವಿತ್ರವಾಗಿರಬೇಕು ಎಂಬುದು ಅವರ ನಿಲುವು.

ಈ ಮಾತನ್ನು ನಾನು ಎಂ.ಎ. ಓದುವಾಗಲೇ ಓದಿದ್ದೆ, ಗೆರೆ ಎಳೆದೂ ಇಟ್ಟಿದ್ದೆ. ಅದರ ಅರ್ಥ ಆಗಿದ್ದು ಮಾತ್ರ ಒಂದು ಪರೀಕ್ಷಾ ಕೊಠಡಿಯಲ್ಲಿ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಬೇರೊಂದು ಶಾಲೆಯಲ್ಲಿ ನನ್ನನ್ನು ಕೊಠಡಿ ಮೇಲ್ವಿಚಾರಕನಾಗಿ ಹಾಕಿದ್ದರು. ಗಣಿತದ ದಿನ. ಗೇಟಿನ ಬಳಿ ನಮ್ಮ ಕೇರಿಯವರೇ ಒಬ್ಬರು ಕಾದು ನಿಂತಿದ್ದರು. ಗಾರೆ ಕೆಲಸದವರು, ವರಸೆಯಲ್ಲಿ ನನಗೆ ಅಣ್ಣ. ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: “ಮೇಷ್ಟ್ರೇ, ನಮ್ ಹೈದ ನಿಮ್ ರೂಮಲ್ಲೇ ಅವ್ನೆ. ಇದೊಂದು ಸಬ್ಜೆಕ್ಟು ವಸಿ ನೋಡ್ಕಳಿ. ಅವ್ರ್ ಅವ್ರ್ ಮಕ್ಳುನ್ನ ಅವ್ರ್ ನೋಡ್ಕಳಲ್ವಾ? ನಮ್ಗೆ ಇನ್ಯಾರವ್ರೆ?”

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಒಳಗೆ ಹೋದೆ. ಒಂದು ಗಂಟೆ ಕಳೆಯಿತು. ಹುಡುಗ ಅಂಗಿಯ ತೋಳಿನಿಂದ ಚೀಟಿ ತೆಗೆದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಹೊರಗೆ ಹೊಂಗೆ ಮರ ಇತ್ತು. ಅದನ್ನೇ ನೋಡುತ್ತಾ ನಿಂತೆ.

ಮತ್ತೆ ಈ ಕಡೆ ತಿರುಗಿದಾಗ ಕೊನೆಯ ಬೆಂಚಿನ ಹುಡುಗಿಯೊಬ್ಬಳು ತಲೆ ಎತ್ತಿ ನನ್ನನ್ನು ನೋಡುತ್ತಿದ್ದಳು. ಅವಳು ಹುಡುಗನನ್ನು ನೋಡಿದ್ದಳು, ನಾನು ಮುಖ ತಿರುಗಿಸಿದ್ದನ್ನೂ ನೋಡಿದ್ದಳು. ಏನೂ ಹೇಳಲಿಲ್ಲ. ತಲೆ ತಗ್ಗಿಸಿ ತನ್ನ ಲೆಕ್ಕ ಮುಂದುವರಿಸಿದಳು. ಅವಳು ಯಾವ ಊರಿನವಳೋ, ಯಾರ ಮಗಳೋ ನನಗೆ ಇಂದಿಗೂ ಗೊತ್ತಿಲ್ಲ. ಆ ಕೊಠಡಿಯಲ್ಲಿ ಅವಳಿಗೆ ‘ನಮ್ಮವರು’ ಎಂದು ಯಾರೂ ಇರಲಿಲ್ಲ ಎಂಬುದಷ್ಟೇ ಗೊತ್ತು.

ಬಂಧುಗಳೇ, ಆ ನೋಟ ನನಗೆ ಹೊಸದಲ್ಲ. ನಾನು ಹತ್ತನೇ ತರಗತಿ ಪರೀಕ್ಷೆ ಬರೆದಾಗ ನಮ್ಮ ಕೊಠಡಿಯ ಮೇಲ್ವಿಚಾರಕರು ಮುಂದಿನ ಎರಡು ಬೆಂಚಿನ ಹುಡುಗರ ಬಳಿ ಹೋಗಿ ಹೋಗಿ ನಿಲ್ಲುತ್ತಿದ್ದರು. ಅವರ ಬಳಗದ ಮಕ್ಕಳು. ಅಂದು ಹೀಗೆಯೇ ತಲೆ ಎತ್ತಿ ನೋಡಿದವನು ನಾನು. ಮನೆಗೆ ಬಂದು ಅವ್ವನ ಹತ್ತಿರ ಅತ್ತಿದ್ದೆ. ನಾನು ಮೇಷ್ಟ್ರಾದರೆ ಹೀಗೆ ಮಾಡುವುದಿಲ್ಲ ಎಂದೂ ಹೇಳಿದ್ದೆ. ಮೇಷ್ಟ್ರಾದೆ. ಅದನ್ನೇ ಮಾಡಿದೆ.

1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆಂದು ಬಾಬಾಸಾಹೇಬರು ಬರೆದ ಭಾಷಣ ನಿಮಗೆ ಗೊತ್ತೇ ಇದೆ. ಅವರಿಗೆ ಅದನ್ನು ಮಾಡಲು ಅವಕಾಶ ಸಿಗಲಿಲ್ಲ, ‘ಜಾತಿ ವಿನಾಶ’ ಎಂಬ ಪುಸ್ತಕವಾಗಿ ಬಂತು. ಜಾತಿಯು ನಮ್ಮ ದೇಶದ ಸಾರ್ವಜನಿಕ ಮನೋಭಾವವನ್ನೇ ಕೊಂದಿದೆ, ಇಲ್ಲಿ ದಾನವೂ ಅನುಕಂಪವೂ ಜಾತಿಯಲ್ಲಿ ಹುಟ್ಟಿ ಜಾತಿಯಲ್ಲೇ ಮುಗಿಯುತ್ತವೆ ಎಂದು ಅವರು ಅದರಲ್ಲಿ ವಿವರಿಸುತ್ತಾರೆ. ನಾವು ಆ ಭಾಗವನ್ನು ಓದುವಾಗ ನಮ್ಮ ಕಣ್ಣ ಮುಂದೆ ಬರುವವರು ಬೇರೆಯವರು. ಆ ದಿನದ ಮೇಲೆ ಅದನ್ನು ಓದಿದಾಗ ಕಿಟಕಿ ಕಡೆ ತಿರುಗಿ ನಿಂತ ನಾನೇ ನನಗೆ ಕಂಡೆ. ಜಾತಿಯ ಹೆಸರು ಬಿಟ್ಟು ಜಾತಿಯ ನೀತಿಯನ್ನು ಉಳಿಸಿಕೊಂಡರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಡೆದದ್ದಕ್ಕೆ ನಮ್ಮ ಮಟ್ಟಿಗೆ ಏನು ಅರ್ಥ?

ಆ 22 ಪ್ರತಿಜ್ಞೆಗಳನ್ನೇ ನೋಡಿ. ಇಂಥ ದೇವರನ್ನು ಪೂಜಿಸುವುದಿಲ್ಲ ಎಂಬ ಮೊದಲಿನವು ನಮಗೆ ಬಾಯಿಪಾಠ. ಸಭೆಯಲ್ಲಿ ಗಟ್ಟಿಯಾಗಿ ಹೇಳುತ್ತೇವೆ, ಹೇಳಲೂಬೇಕು. ಆದರೆ ಎಲ್ಲ ಜೀವಿಗಳಲ್ಲಿ ಕರುಣೆ ಇಡುತ್ತೇನೆ, ಕದಿಯುವುದಿಲ್ಲ, ಸುಳ್ಳಾಡುವುದಿಲ್ಲ ಎಂಬವೂ ಅದೇ ಪಟ್ಟಿಯಲ್ಲಿವೆ. ಮೊದಲಿನವನ್ನು ಒಂದೇ ದಿನದಲ್ಲಿ ಪಾಲಿಸಿಬಿಡಬಹುದು, ಗೋಡೆಯ ಮೇಲಿನ ಪಟ ತೆಗೆದರೆ ಆಯಿತು. ಇವು ದಿನಾ ಪಾಲಿಸಬೇಕಾದವು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ಮಕ್ಕಳಿಗೆ ನೆರವಾಗುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮೀಸಲಾತಿಯನ್ನು ಇದರೊಂದಿಗೆ ಸೇರಿಸಿ ಮಾತಾಡುವವರು ಇದ್ದಾರೆ. ಅವರಿಗೆ ಉತ್ತರ ನಿಮಗೆ ಗೊತ್ತಿರಬೇಕು. ಮೀಸಲಾತಿ ಸಂವಿಧಾನದ 15 ಮತ್ತು 16ನೇ ವಿಧಿಗಳ ಆಧಾರದಲ್ಲಿ ನಿಂತಿರುವ ಹಕ್ಕು. ಎಲ್ಲರಿಗೂ ಕಾಣುವಂತೆ ಬರೆದಿಟ್ಟ ನಿಯಮ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ. ಚೀಟಿ ಹಾಗಲ್ಲ. ಅದು ಕದ್ದು ನಡೆಯುವುದು. ಪಂಚಶೀಲದಲ್ಲಿ ಎರಡನೆಯದು ಏನು ಹೇಳುತ್ತದೆ? ಕೊಡದೆ ಇದ್ದುದನ್ನು ತೆಗೆದುಕೊಳ್ಳಬಾರದು ಎಂದು. ನಾನು ಅಂದು ಹುಡುಗನಿಗೆ ಏನನ್ನೂ ಕೊಡಲಿಲ್ಲ. ಆ ಹುಡುಗಿಯಿಂದ ತೆಗೆದು ಕೊಟ್ಟೆ.

“ಅವರು ಸಾವಿರಾರು ವರ್ಷ ಮಾಡಿದರು, ನಾವು ಒಂದು ದಿನ ಮಾಡಿದರೆ ಏನು?” ಎಂದು ಕೇಳುವವರಿದ್ದಾರೆ. ಈ ಮಾತಿನ ಹಿಂದಿನ ನೋವು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಾವು ಪಾವತಿ ಮಾಡಿಸಿಕೊಳ್ಳುವುದು ಯಾರಿಂದ? ಸಾವಿರ ವರ್ಷ ಮಾಡಿದವರು ಆ ಕೊನೆಯ ಬೆಂಚಿನಲ್ಲಿ ಕೂತಿರಲಿಲ್ಲ. ಗುಂಪಿನ ನೀತಿಯಲ್ಲಿ ಪೆಟ್ಟು ಬೀಳುವುದು ಯಾವಾಗಲೂ ಗುಂಪಿಲ್ಲದವರಿಗೆ. ಬಲವಿರುವವರಿಗೆ ಅವರದೇ ಮೇಲ್ವಿಚಾರಕರು ಇರುತ್ತಾರೆ. ಈ ಆಟವನ್ನು ಎಲ್ಲರೂ ಆಡತೊಡಗಿದರೆ ಕೊನೆಗೆ ಗೆಲ್ಲುವವರು ದೊಡ್ಡ ಗುಂಪಿನವರು, ನಾವಲ್ಲ. ಎಲ್ಲರಿಗೂ ಒಂದೇ ಅಳತೆ ಎಂಬ ನೀತಿಯಿಂದ ಹೆಚ್ಚು ರಕ್ಷಣೆ ಸಿಗುವುದು ದುರ್ಬಲರಿಗೇ.

ಆ ಹುಡುಗ ಏನಾದ ಎಂದು ಕೇಳುತ್ತೀರಿ. ಪಾಸಾದ. ಐಟಿಐ ಸೇರಿದ. ಅಲ್ಲಿ ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಎಂಬ ವಿಷಯ ಇದೆ, ಅದರಲ್ಲಿ ಭಿನ್ನರಾಶಿ, ಶೇಕಡಾವಾರು ಎಲ್ಲ ಬರುತ್ತವೆ. ಅದು ಕೈಗೆ ಹತ್ತದೆ ಬಿಟ್ಟುಬಂದ. ಈಗ ಪೇಂಟಿಂಗ್ ಕೆಲಸ ಮಾಡಿಕೊಂಡು ಚೆನ್ನಾಗಿದ್ದಾನೆ. ಇದನ್ನು ‘ನಕಲು ಮಾಡಿದರೆ ಉದ್ಧಾರವಾಗುವುದಿಲ್ಲ’ ಎಂಬ ನೀತಿಕಥೆಯಾಗಿ ಓದಬೇಡಿ. ಅವನು ಎಂಜಿನಿಯರ್ ಆಗಿದ್ದರೂ ನಾನು ಮಾಡಿದ್ದು ತಪ್ಪೇ. ಅವನಿಗೆ ಬೇಕಾಗಿದ್ದದ್ದು ಲೆಕ್ಕ ಹೇಳಿಕೊಡುವವರು. ಅದಕ್ಕೆ ವರ್ಷವಿಡೀ ಸಮಯವಿತ್ತು. ಅವನ ಮನೆ ನಮ್ಮ ಮನೆಗೆ ನಾಲ್ಕೇ ಮನೆ ಆಚೆ. ಹೇಳಿಕೊಡದೆ ಉಳಿದು, ಪರೀಕ್ಷೆಯ ದಿನ ಕಿಟಕಿ ನೋಡಿ ‘ನಮ್ಮವನಿಗೆ’ ಸಹಾಯ ಮಾಡಿದೆ ಅಂದುಕೊಂಡೆ.

ಈಗ ತರುಣರ ಪ್ರಶ್ನೆಗೆ ಬರೋಣ. ಯಾರೂ ನೋಡದಿದ್ದಾಗ ಕಾಯುವವರು ಯಾರು?

2024ರಲ್ಲಿ ಎಸ್‌ಎಸ್‌ಎಲ್‌ಸಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಕ್ಯಾಮೆರಾ ಬೇಡ ಎನ್ನುವುದಿಲ್ಲ. ಆದರೆ ಕ್ಯಾಮೆರಾ ಮಾಡುವುದು ದೇವರ ಭಯ ಮಾಡುತ್ತಿದ್ದ ಕೆಲಸವನ್ನೇ. ಕರೆಂಟು ಹೋದರೆ ನೀತಿಯೂ ಹೋಗುತ್ತದೆ.

ಭಗವಾನ್ ಬುದ್ಧರು ಲೋಕವನ್ನು ಕಾಯುವ ಎರಡು ಗುಣಗಳನ್ನು ಹೇಳಿದ್ದಾರೆ. ಪಾಲಿಯಲ್ಲಿ ಅವನ್ನು ಹಿರಿ ಮತ್ತು ಒತ್ತಪ್ಪ ಎನ್ನುತ್ತಾರೆ. ನಮ್ಮ ಕನ್ನಡದಲ್ಲಿ ಇವಕ್ಕೆ ಹತ್ತಿರದ ಮಾತುಗಳು ಮನೆಮನೆಯಲ್ಲೂ ಇವೆ: ನಾಚಿಕೆ ಮತ್ತು ಅಂಜಿಕೆ. ಕೆಟ್ಟದ್ದನ್ನು ಮಾಡಲು ನನಗೆ ನಾನೇ ನಾಚುವುದು ಹಿರಿ. ಅದರಿಂದ ಆಗುವ ಕೇಡಿಗೆ ಅಂಜುವುದು ಒತ್ತಪ್ಪ. ಇವೆರಡೂ ಇಲ್ಲದವರನ್ನು ಕಂಡರೆ ನಮ್ಮ ಹಿರಿಯರು ‘ಅಂಜಿಕೆ ನಾಚಿಕೆ ಬಿಟ್ಟವನು’ ಎನ್ನುತ್ತಿದ್ದರು. ಜಾತಿ ಸಮಾಜ ನಮಗೆ ಬೇರೆ ನಾಚಿಕೆ ಕಲಿಸಿತ್ತು, ಹುಟ್ಟಿನ ಬಗ್ಗೆ ನಾಚಿಕೆ. ಅದನ್ನು ಬಾಬಾಸಾಹೇಬರು ಕಿತ್ತು ಎಸೆದರು. ನಾವು ನಾಚಬೇಕಾದ್ದು ನಮ್ಮ ಹುಟ್ಟಿಗಲ್ಲ, ನಮ್ಮ ನಡತೆಗೆ.

ಬುದ್ಧರು ಮಗ ರಾಹುಲನಿಗೆ ಕಲಿಸಿದ ಪಾಠವೂ ಇದೇ. ಕನ್ನಡಿ ಯಾತಕ್ಕೆ ಇರುವುದು ಎಂದು ಕೇಳಿದರು. ನೋಡಿಕೊಳ್ಳುವುದಕ್ಕೆ ಎಂದ ರಾಹುಲ. ಹಾಗೆಯೇ ಒಂದು ಕೆಲಸವನ್ನು ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ನೋಡಿಕೋ. ಇದರಿಂದ ನನಗೆ ಕೇಡೇ, ಬೇರೆಯವರಿಗೆ ಕೇಡೇ, ಇಬ್ಬರಿಗೂ ಕೇಡೇ ಎಂದು ಕೇಳಿಕೋ ಎಂದು ತಿಳಿಸಿದರು. ಗಮನಿಸಿ, ‘ನಮ್ಮವರಿಗೆ’ ಎಂಬ ಮಾತು ಅಲ್ಲಿ ಇಲ್ಲ.

ಆ ಮಾರ್ಚ್ ಕಳೆದು ಜೂನ್ ಬಂದಾಗಿನಿಂದ ನಾನು ವಾರಕ್ಕೆ ಮೂರು ಸಂಜೆ ನಮ್ಮ ಕೇರಿಯ ಸಮುದಾಯ ಭವನದಲ್ಲಿ ಪಾಠ ಹೇಳುತ್ತಿದ್ದೇನೆ. ಗಣಿತಕ್ಕೆ ಇನ್ನೊಬ್ಬ ಗೆಳೆಯರು ಬರುತ್ತಾರೆ. ಬಾಗಿಲು ಎಲ್ಲ ಕೇರಿಯ ಮಕ್ಕಳಿಗೂ ತೆರೆದಿದೆ. ಮೊದಮೊದಲು ಬೇರೆಯವರು ಬರಲಿಲ್ಲ. ಈಗ ಕೆಲವರು ಬರುತ್ತಾರೆ. ಆ ಹುಡುಗಿಯ ಸಾಲ ಇದರಿಂದ ತೀರುವುದಿಲ್ಲ, ಅದು ನನಗೆ ಗೊತ್ತು.

ಇಂದಿನ ಅಭ್ಯಾಸ:
ಇಂದು ಯಾರಿಗಾದರೂ ‘ನಮ್ಮವರು’ ಎಂದು ಸಹಾಯ ಮಾಡುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳೋಣ.
1. ಇದನ್ನು ಎಲ್ಲರ ಎದುರಿಗೆ ಹೇಳಬಲ್ಲೆನೇ?
2. ಇದಕ್ಕಾಗಿ ಇನ್ನೊಬ್ಬರ ಪಾಲನ್ನು ತೆಗೆಯುತ್ತಿದ್ದೇನೆಯೇ?
3. ಇದನ್ನೇ ಬೇರೆಯವರು ನನ್ನ ಮಗುವಿನ ಮುಂದೆ ಮಾಡಿದ್ದರೆ ಒಪ್ಪುತ್ತಿದ್ದೆನೇ?

ಭಾನುವಾರ ವಂದನೆಯ ನಂತರ ಇದರ ಬಗ್ಗೆ ಮಾತಾಡೋಣ. ಮಕ್ಕಳನ್ನೂ ಕರೆತನ್ನಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.
ಜೈ ಭೀಮ್.